ಪೆರೋಲ್ ಅರ್ಜಿ ಬರೆಯುವ ಮುಂಚೆ ಹುಟ್ಟಿದ ತಾರೀಖು ನೋಡಿ

ಪುಣೆಯ ಕಾತ್ರಜ್ ಕಡೆ ಗೌಂಡಿ ಕೆಲಸ ಮಾಡುವ ಒಂದು ಕುಟುಂಬ. ಮೂಲ ಇಂಡಿ ತಾಲ್ಲೂಕು. ಮಗ ಜೈಲಿನಲ್ಲಿ, ಕೊಲೆ ಕೇಸು, ಜೀವಾವಧಿ ಶಿಕ್ಷೆ. ಕಾನೂನು ನೆರವಿನ ಸ್ವಯಂಸೇವಕನಾಗಿ ನನ್ನ ಕೆಲಸ ಅಂದರೆ ಮರಾಠಿ ಕಾಗದ ಓದಿ ಹೇಳುವುದು, ಅರ್ಜಿ ಬರೆದುಕೊಡುವುದು. ಆ ತಾಯಿಗೆ ನಾನು ಎರಡು ಸಲ ಪೆರೋಲ್ ಅರ್ಜಿ ಬರೆದುಕೊಟ್ಟಿದ್ದೆ. ಒಂದು ಸಲವೂ ಹುಡುಗನ ವಯಸ್ಸು ಕೇಳಿರಲಿಲ್ಲ.

ಮೂರನೇ ಸಲ ಬಂದಾಗ "ಅಣ್ಣಾ, ಸಣ್ಣಾಕಿ ಮದುವಿ ಐತ್ರಿ, ನಾಕು ದಿನ ಬಿಟ್ರ ಸಾಕು" ಅಂದರು. ಅರ್ಜಿಯಲ್ಲಿ ವಯಸ್ಸಿನ ಜಾಗ ತುಂಬಲು "ಹುಡುಗ ಯಾವಾಗ ಹುಟ್ಟಿದ್ದವ್ವಾ?" ಅಂತ ಸುಮ್ನೆ ಕೇಳಿದೆ. "ತಾರೀಖು ಎಲ್ಲಿ ಗೊತ್ತಾಗ್ಬೇಕ್ರಿ. ಕಿಲ್ಲಾರಿ ಭೂಕಂಪ ಆದಾಗ ಅಂವ ಹೊಟ್ಯಾಗಿದ್ದ."

ಕಿಲ್ಲಾರಿ ಭೂಕಂಪ ಆದದ್ದು 1993ರ ಸೆಪ್ಟೆಂಬರ್ 30ರಂದು. ಇವನ ಮೇಲಿನ ಕೇಸಿನ ಘಟನೆ 2011ರ ಆಗಸ್ಟ್ ತಿಂಗಳದು. ಬೆರಳು ಮಡಚಿ ಲೆಕ್ಕ ಹಾಕಿದೆ. ಅವತ್ತು ಹೊಟ್ಟೆಯಲ್ಲಿದ್ದವನಿಗೆ 2011ರ ಆಗಸ್ಟ್‌ಗೆ 18 ತುಂಬಿರುವುದಕ್ಕೆ ಸಾಧ್ಯವೇ ಇಲ್ಲ. ಎಫ್‌ಐಆರ್‌ನಲ್ಲಿ ಮಾತ್ರ "ವಯ 19" ಅಂತ ಇತ್ತು. ಮೀಸೆ ನೋಡಿ ಬರೆದಿರಬೇಕು.

ಪೆರೋಲ್ ಅಂದರೆ ರಜೆ. ಶಿಕ್ಷೆಯನ್ನು ಪ್ರಶ್ನೆ ಮಾಡದೆ, ನಾಲ್ಕು ದಿನ ಹೊರಗೆ ಬಿಡಿ ಅಂತ ಕೇಳುವುದು. ಅಪರಾಧ ನಡೆದ ದಿನ 18 ತುಂಬದೇ ಇದ್ದವನು ಆ ಜೈಲಿನಲ್ಲಿ ಇರಲೇಬಾರದಿತ್ತು ಅನ್ನುವುದು ಬೇರೆಯದೇ ಮಾತು. ಅಲ್ಲಿ ರಜೆಯ ಪ್ರಶ್ನೆ ಬರುವುದಿಲ್ಲ, ಶಿಕ್ಷೆಯೇ ಬಿದ್ದುಹೋಗುತ್ತದೆ. ಇದನ್ನು ಮುಂಬೈ, ಪುಣೆಯ ನಮ್ಮ ಜನಕ್ಕೆ ಯಾರೂ ಬಿಡಿಸಿ ಹೇಳುವುದಿಲ್ಲ. ಅದಕ್ಕೇ ಈ ಬರಹ.

ಮೊದಲ ಹೆಜ್ಜೆ: ಎರಡು ತಾರೀಖು

ಒಂದು ಹಾಳೆ ತಗೊಂಡು ಎರಡೇ ತಾರೀಖು ಬರೆಯಿರಿ. ಹುಟ್ಟಿದ್ದು, ಅಪರಾಧ ನಡೆದದ್ದು. ಬಂಧನವಾದ ದಿನ ಬೇಡ, ಶಿಕ್ಷೆಯಾದ ದಿನವೂ ಬೇಡ. ಅಪರಾಧ ನಡೆದ ದಿನವೇ ಲೆಕ್ಕ ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಪ್ರತಾಪ್ ಸಿಂಗ್ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ಆ ತಾರೀಖು ಎಫ್‌ಐಆರ್‌ನಲ್ಲೂ ಚಾರ್ಜ್‌ಶೀಟಿನಲ್ಲೂ ಇರುತ್ತದೆ. ಮನೆಯಲ್ಲಿ ಆ ಕಾಗದ ಇಲ್ಲದಿದ್ದರೆ ಕೋರ್ಟಿನಿಂದ ತೀರ್ಪಿನ ದೃಢೀಕೃತ ಪ್ರತಿ ತೆಗೆಸಿ. ಅದು ಮುಂದೆ ಹೇಗೂ ಬೇಕು.

"ಹಳೇ ಕೇಸು, ಆಗ ಹುಡುಗರಿಗೆ 16 ಅಂತ ಇತ್ತಲ್ವಾ?" ಅಂತ ಕೆಲವರು ಕೇಳುತ್ತಾರೆ. ನಿಜ, 1986ರ ಬಾಲ ನ್ಯಾಯ ಕಾಯ್ದೆಯಲ್ಲಿ (ಅಪರಾಧದ ಆರೋಪ ಬಂದ ಮಕ್ಕಳ ಕಾನೂನು) ಗಂಡುಮಕ್ಕಳಿಗೆ 16, ಹೆಣ್ಣುಮಕ್ಕಳಿಗೆ 18 ಇತ್ತು. 2001ರ ಏಪ್ರಿಲ್ 1ರಿಂದ ಎಲ್ಲರಿಗೂ 18 ಆಯಿತು. 2006ರ ತಿದ್ದುಪಡಿಯ ನಂತರ ಅದಕ್ಕೂ ಹಿಂದಿನ ಅಪರಾಧಗಳಿಗೂ ಇದೇ 18 ಅನ್ವಯಿಸುತ್ತದೆ. ಹಾಗಾಗಿ 1990ರ ದಶಕದ ಕೇಸಾದರೂ ಕೈಬಿಡಬೇಡಿ.

ಲೆಕ್ಕ ಹಾಕಿದ ಮೇಲೆ ನಿಮ್ಮ ಹುಡುಗ ಮೂರರಲ್ಲಿ ಒಂದು ಗುಂಪಿಗೆ ಸೇರುತ್ತಾನೆ. ಆಗ 18 ತುಂಬಿರಲಿಲ್ಲ, ಆದರೂ ಯಾರೂ ಗಮನಿಸದೆ ದೊಡ್ಡವರ ಕೋರ್ಟಿನಲ್ಲೇ ಶಿಕ್ಷೆಯಾಗಿದೆ. ಇಲ್ಲವೇ 16 ದಾಟಿತ್ತು, 18 ಆಗಿರಲಿಲ್ಲ, ಗೊತ್ತಿದ್ದೇ ಮಕ್ಕಳ ನ್ಯಾಯಾಲಯ ಅವನನ್ನು ದೊಡ್ಡವರಂತೆ ವಿಚಾರಣೆ ಮಾಡಿದೆ. ಅಥವಾ 18 ತುಂಬಿತ್ತು, ಒಂದೇ ತಿಂಗಳಾದರೂ ಸರಿ. ಮೂರನೇ ಗುಂಪಿಗೆ ಈ ಕಾನೂನಿನಲ್ಲಿ ದಾರಿ ಇಲ್ಲ, ಪೆರೋಲ್ ಇಲ್ಲವೇ ಫರ್ಲೋ (ಕಾರಣ ಕೇಳದೆ ಕೊಡುವ ರಜೆ) ಕೇಳಬಹುದು. ಇನ್ನು ನಾನು ಜಾಸ್ತಿ ಹೇಳುವುದು ಮೊದಲ ಗುಂಪಿನ ಬಗ್ಗೆ.

ಎರಡನೇ ಹೆಜ್ಜೆ: ಊರಿನ ಶಾಲೆಗೆ ಹೋಗಿ

ವಯಸ್ಸಿಗೆ ಯಾವ ದಾಖಲೆ ನಡೆಯುತ್ತದೆ ಅನ್ನುವುದನ್ನು 2015ರ ಬಾಲ ನ್ಯಾಯ ಕಾಯ್ದೆಯ 94ನೇ ಕಲಂ ಸಾಲಾಗಿ ಹೇಳಿದೆ. ಮೊದಲು ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಅದು ಇಲ್ಲದಿದ್ದರೆ ಪಂಚಾಯಿತಿ, ಪುರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಎಕ್ಸ್‌ರೇ ಪರೀಕ್ಷೆ. ಆ ಪರೀಕ್ಷೆ ಒಂದೆರಡು ವರ್ಷ ಹಿಂದೆ ಮುಂದೆ ಹೇಳುತ್ತದೆ. ಮೂವತ್ತು ದಾಟಿದವರಿಗಂತೂ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಆದ್ದರಿಂದ ಶಾಲೆಯ ಕಾಗದಕ್ಕೆ ಕಾಲು ಸವೆಸಿ.

ಆಧಾರ್ ತೋರಿಸಿ ಕೂರಬೇಡಿ. ಆಧಾರ್ ಹುಟ್ಟಿದ ತಾರೀಖಿಗೆ ಪುರಾವೆಯಲ್ಲ, ಶಾಲೆ ಬಿಟ್ಟ ಪ್ರಮಾಣಪತ್ರ ಅದಕ್ಕಿಂತ ಮೇಲು ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಅಪಘಾತ ಪರಿಹಾರದ ಕೇಸಾದರೂ ಮಾತು ಇಲ್ಲಿಗೂ ಸಲ್ಲುತ್ತದೆ. ತಾಯಿಯ ಅಫಿಡವಿಟ್ ಮಾಡಿಸಲು ನೋಟರಿಗೆ ದುಡ್ಡು ಸುರಿಯುವವರೂ ಇದ್ದಾರೆ. ಬಾಲ ನ್ಯಾಯ ಕಾಯ್ದೆಯ 9ನೇ ಕಲಂ ನೋಡಿ, ಕೋರ್ಟ್ ಸಾಕ್ಷ್ಯ ತೆಗೆದುಕೊಂಡು ವಯಸ್ಸು ನಿರ್ಧರಿಸಬೇಕು, ಅಫಿಡವಿಟ್ ಮೇಲೆ ಅಲ್ಲ ಅಂತ ಅಲ್ಲೇ ಬರೆದಿದೆ.

ಹುಡುಗ ಮೊಟ್ಟಮೊದಲು ಸೇರಿದ ಶಾಲೆ ಯಾವುದೋ ಅಲ್ಲಿಗೇ ಹೋಗಿ. ಟಿ.ಸಿ. ಒಂದನ್ನೇ ಕೇಳಬೇಡಿ. ದಾಖಲಾತಿ ರಿಜಿಸ್ಟರಿನ ಉತಾರೆ (ನಕಲು) ಕೇಳಿ, ಆ ಪುಟದ ಫೋಟೋ ತೆಗೆಯಲು ಅನುಮತಿ ಕೇಳಿ. ನಾವು ಇಂಡಿ ಕಡೆಯ ಆ ಹಳ್ಳಿಗೆ ಹೋದಾಗ ಮುಖ್ಯ ಗುರುಗಳು ಕಬ್ಬಿಣದ ಟ್ರಂಕ್ ಎಳೆದು ತಂದರು. ಮೇಲೆ ಹಳೇ ಬಿಸಿಯೂಟದ ಲೆಕ್ಕದ ಪುಸ್ತಕ, ಅದರ ಕೆಳಗೆ ಮೂರು ರಿಜಿಸ್ಟರು. ಒಂದರ ಬೆನ್ನು ಗೆದ್ದಲು ತಿಂದಿತ್ತು. ನಮ್ಮದು ಅದರ ಕೆಳಗಿನದು. ನೀಲಿ ಶಾಯಿ ಮಾಸಿ ನೇರಳೆಗೆ ತಿರುಗಿದೆ. ಹೆಸರು, ತಂದೆ ಹೆಸರು, ಜಾತಿ, ಆಮೇಲೆ ಅಂಕಿಯಲ್ಲಿ 1-6-1994, ಪಕ್ಕದಲ್ಲಿ ಅಕ್ಷರದಲ್ಲೂ ಬರೆದಿದೆ. ತಾಯಿ ಓದಲು ಬಾರದಿದ್ದರೂ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಇದ್ದರು.

ಜೂನ್ 1. ನಮ್ಮಲ್ಲಿ ಅರ್ಧ ಊರು ಹುಟ್ಟಿದ್ದು ಜೂನ್ 1ಕ್ಕೇ ಅಲ್ವಾ? ಶಾಲೆ ಶುರುವಾಗುವ ಹೊತ್ತಿಗೆ ಮಾಸ್ತರರು ಅಂದಾಜಿಗೆ ಬರೆದ ತಾರೀಖು ಅದು. ಸರ್ಕಾರಿ ವಕೀಲರಿಗೂ ಈ ಸಂಗತಿ ಗೊತ್ತು, ಇದನ್ನೇ ಹಿಡಿದು ಎಳೆಯುತ್ತಾರೆ. ಅದಕ್ಕೆ ಉತ್ತರ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ. ಅಣ್ಣ, ಅಕ್ಕ, ತಂಗಿಯರ ಉತಾರೆಗಳನ್ನೂ ಅದೇ ಶಾಲೆಯಿಂದ ತೆಗೆಸಿ. ಮಕ್ಕಳ ನಡುವಿನ ಅಂತರ ಒಪ್ಪುವಂತಿದ್ದರೆ ದಾಖಲೆಗೆ ಬಲ ಬರುತ್ತದೆ. ಅಣ್ಣನಿಗೂ ತಮ್ಮನಿಗೂ ಐದು ತಿಂಗಳ ಅಂತರ ಇದ್ದರೆ ಎರಡೂ ಬಿದ್ದುಹೋಗುತ್ತವೆ. ಒಂದನೇ ಇಯತ್ತೆಗೆ ಸೇರಿದ ವರ್ಷವೂ ನೋಡಿ. 1994ರಲ್ಲಿ ಹುಟ್ಟಿದವನು 2000ದಲ್ಲಿ ಸೇರಿದ್ದರೆ ಸರಿ ಹೊಂದುತ್ತದೆ. ಅಂದು ಕೇಸಿನ ಗಂಧಗಾಳಿ ಯಾರಿಗೂ ಇರಲಿಲ್ಲ, ಸುಳ್ಳು ಬರೆಸುವ ಕಾರಣವೂ ಇರಲಿಲ್ಲ. ವಕೀಲರು ಇದನ್ನೇ ಒತ್ತಿ ಹೇಳಬೇಕು.

ಮುಂಬೈ ಹೋಟೆಲ್ ಹುಡುಗರದು ಬೇರೆ ಗೋಳು. ಉಡುಪಿ, ಕುಂದಾಪುರದ ಕಡೆಯಿಂದ ಹದಿಮೂರು ಹದಿನಾಲ್ಕಕ್ಕೇ ಬಂದು ಟೇಬಲ್ ಒರೆಸಿದವರು. "ಯಾರಾದ್ರೂ ಕೇಳಿದ್ರೆ ಹದಿನೆಂಟು ಅಂತ ಹೇಳು" ಅಂತ ಮೊದಲ ದಿನವೇ ಪಾಠ ಆಗಿರುತ್ತದೆ. ಹೋಟೆಲಿನ ಹಾಜರಿ ಪುಸ್ತಕದಲ್ಲಿ ಅದೇ, ಖೋಲಿಯ ಬಾಡಿಗೆ ಕಾಗದದಲ್ಲಿ ಅದೇ. ಆಮೇಲೆ ಪೊಲೀಸರ ಮುಂದೆ ಹೆದರಿ ಹುಡುಗ ತಾನೇ ಅದನ್ನು ಹೇಳಿರುತ್ತಾನೆ. ಕನ್ನಡ ರಾತ್ರಿ ಶಾಲೆಗೆ ಸೇರಿದ್ದರೆ ಅಲ್ಲಿನ ತಾರೀಖೂ ಬಾಯಿಮಾತಿನದೇ ಆಗಿರಬಹುದು. ಇಂಥ ಕಡೆ ಊರಿನ ಪ್ರಾಥಮಿಕ ಶಾಲೆಯ ಪುಸ್ತಕವೇ ಗತಿ. ಹಾಜರಿ ಪುಸ್ತಕಕ್ಕೆ 94ನೇ ಕಲಮಿನ ಸಾಲಿನಲ್ಲಿ ಜಾಗವೇ ಇಲ್ಲ.

ಶಾಲೆಯವರು ಸತಾಯಿಸಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಒಂದೇ ವಿಷಯ, 150 ಪದಗಳ ಒಳಗೆ ಬರೆಯಿರಿ. ಒಬ್ಬರ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಯೊಳಗೆ ಕೊಡಬೇಕು ಅಂತ ಆ ಕಾಯ್ದೆಯ 7ನೇ ಕಲಮಿನಲ್ಲಿದೆ. ಅರ್ಜಿಯ ಮೊದಲ ಸಾಲಲ್ಲೇ ಅದನ್ನು ಬರೆದುಬಿಡಿ.

"ಟಿ.ಸಿ. ನಾನು ಮಾಡಿಸಿ ಕೊಡ್ತೀನಿ" ಅನ್ನುವ ಏಜೆಂಟನನ್ನು ಹೊಸಿಲು ಹತ್ತಿಸಬೇಡಿ. ಕೋರ್ಟ್ ಮುಖ್ಯ ಗುರುಗಳನ್ನು ರಿಜಿಸ್ಟರ್ ಸಮೇತ ಸಾಕ್ಷಿಗೆ ಕರೆಸುತ್ತದೆ. ಸುಳ್ಳು ಕಾಗದ ಅಲ್ಲೇ ಬಯಲಾಗುತ್ತದೆ, ಹೊಸ ಕೇಸೂ ಬೀಳುತ್ತದೆ.

ಮೂರನೇ ಹೆಜ್ಜೆ: ಹೆಸರಿನ ಗೊಂದಲ ಬಿಡಿಸಿ

ಶಾಲೆಯಲ್ಲಿ ಮಲ್ಲಿಕಾರ್ಜುನ, ಮನೆಯಲ್ಲಿ ಮಲ್ಲು, ಮರಾಠಿ ಎಫ್‌ಐಆರ್‌ನಲ್ಲಿ ಮಲ್ಯಾ. ಅಡ್ಡಹೆಸರು ಊರಲ್ಲಿ ಒಂದು, ಇಲ್ಲಿ ಕಂಟ್ರಾಕ್ಟರ್ ಬರೆಸಿದ್ದು ಇನ್ನೊಂದು. "ಇವನೇ ಅವನು" ಅಂತ ತೋರಿಸುವುದು ವಯಸ್ಸು ತೋರಿಸುವಷ್ಟೇ ದೊಡ್ಡ ಕೆಲಸ.

ಪುಣೆಯಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ. 1994ರಲ್ಲಿ ಇಲ್ಲೊಂದು ಕುಟುಂಬದ ಕೊಲೆ ನಡೆಯಿತು. ಅದರಲ್ಲಿ ಗಲ್ಲು ಶಿಕ್ಷೆಯಾದ ಒಬ್ಬನ ಮೂಲ ರಾಜಸ್ಥಾನ. ಊರಿನ ಶಾಲೆಯ ಪುಸ್ತಕದಲ್ಲಿ ಹೆಸರು ಒಂದು, ಕೇಸಿನಲ್ಲಿ ಇನ್ನೊಂದು. ಸುಪ್ರೀಂ ಕೋರ್ಟ್ ಹೇಳಿದಂತೆ ಪುಣೆಯ ಜಿಲ್ಲಾ ನ್ಯಾಯಾಧೀಶರು ವಿಚಾರಣೆ ಮಾಡಿದರು. ಘಟನೆಯ ದಿನ ಅವನಿಗೆ 12 ವರ್ಷ 6 ತಿಂಗಳು ಅಂತ ಗೊತ್ತಾಯಿತು. ಸರ್ಕಾರ ವಿರೋಧಿಸಿತು. 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಬಿಡುಗಡೆ ಮಾಡಿತು. ಅಷ್ಟರಲ್ಲಿ 28 ವರ್ಷ ಒಳಗಿದ್ದ. ಪತ್ರಿಕೆಗಳಲ್ಲಿ ಹೆಸರು ಬಂದಿದ್ದರೂ ನಾನು ಬರೆಯುತ್ತಿಲ್ಲ. ಬಾಲಕನಾಗಿದ್ದವನ ಗುರುತು ಪ್ರಕಟಿಸಬಾರದು ಅಂತ ಬಾಲ ನ್ಯಾಯ ಕಾಯ್ದೆಯೇ ಹೇಳುತ್ತದೆ. ನೀವೂ ನಿಮ್ಮ ಹುಡುಗನ ಫೋಟೋ, ಹೆಸರನ್ನು ವಾಟ್ಸಾಪ್ ಗುಂಪುಗಳಲ್ಲಿ ಹಂಚಬೇಡಿ.

ಗುರುತು ಜೋಡಿಸಲು ತಂದೆ ತಾಯಿಯ ಹೆಸರು, ಊರು, ಜಾತಿ, ಒಡಹುಟ್ಟಿದವರ ಹೆಸರು ಇರುವ ಹಳೇ ರೇಷನ್ ಕಾರ್ಡ್ ಬಹಳ ಉಪಯೋಗಕ್ಕೆ ಬರುತ್ತದೆ. ಅವನಿಗೆ ಕಲಿಸಿದ ಮಾಸ್ತರರು ಇದ್ದರೆ ಅವರೂ ಸಾಕ್ಷಿ ಹೇಳಬಹುದು. ಎಲ್ಲ ಕಾಗದದ ಮರಾಠಿ ಅಥವಾ ಇಂಗ್ಲಿಷ್ ಅನುವಾದ ಬೇಕು. ಅನುವಾದ ಮಾಡುವವರಿಗೆ ಹೆಸರುಗಳನ್ನು ಮೂಲದಲ್ಲಿ ಇದ್ದಹಾಗೇ ಇಡಲು ಹೇಳಿ. "ಸರಿಪಡಿಸಲು" ಹೋಗಿ ನಾಲ್ಕನೇ ಹೆಸರು ಹುಟ್ಟಿಸುತ್ತಾರೆ.

ನಾಲ್ಕನೇ ಹೆಜ್ಜೆ: ಅರ್ಜಿ ಎಲ್ಲಿ?

9ನೇ ಕಲಮಿನ ಪ್ರಕಾರ ಬಾಲಕನಾಗಿದ್ದೆ ಅನ್ನುವ ವಾದವನ್ನು ಯಾವ ಕೋರ್ಟಿನಲ್ಲಾದರೂ, ಯಾವ ಹಂತದಲ್ಲಾದರೂ ಎತ್ತಬಹುದು. ಕೇಸು ಪೂರ್ತಿ ಮುಗಿದ ಮೇಲೂ ಎತ್ತಬಹುದು. ಮೊದಲೇ ಯಾಕೆ ಹೇಳಲಿಲ್ಲ ಅಂತ ಬಾಗಿಲು ಮುಚ್ಚುವಂತಿಲ್ಲ. ಕೆಳಗಿನ ಕೋರ್ಟಿನಲ್ಲಿ ಕೇಸು ನಡೆಯುತ್ತಿದ್ದರೆ ಅಲ್ಲೇ ಅರ್ಜಿ. ಹೈಕೋರ್ಟಿನಲ್ಲಿ ಅಪೀಲು ಬಾಕಿ ಇದ್ದರೆ ಅಪೀಲಿನೊಳಗೇ ಅರ್ಜಿ. ಎಲ್ಲ ಮುಗಿದಿದ್ದರೆ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟಿಗೆ ರಿಟ್. ಮೇಲಿನ ಕೋರ್ಟು ಸಾಮಾನ್ಯವಾಗಿ ಸೆಷನ್ಸ್ ಕೋರ್ಟಿಗೆ ವಿಚಾರಣೆ ಮಾಡಿ ವರದಿ ಕೊಡಿ ಅನ್ನುತ್ತದೆ. ಪುಣೆ, ಮುಂಬೈ ಕೇಸುಗಳಿಗೆ ಬಾಂಬೆ ಹೈಕೋರ್ಟ್ ಅಂದರೆ ಮುಂಬೈಯದೇ. ಸೊಲ್ಲಾಪುರ, ಸಾಂಗ್ಲಿ, ಕೊಲ್ಹಾಪುರ ಕಡೆಯ ಕೇಸಾದರೆ 2025ರ ಆಗಸ್ಟ್‌ನಿಂದ ಕೊಲ್ಹಾಪುರದಲ್ಲೇ ಪೀಠ ಇದೆ, ಗಡಿಯ ನಮ್ಮವರಿಗೆ ಅದು ಹತ್ತಿರ. ಗೋವಾದವರಿಗೆ ಪೊರ್ವೊರಿಂನಲ್ಲಿ ಪೀಠ.

ಹಿಂದೆ ಒಮ್ಮೆ ಈ ಅರ್ಜಿ ತಿರಸ್ಕಾರವಾಗಿದ್ದರೂ ವಕೀಲರಿಗೆ ಕಾಗದ ತೋರಿಸಿ. ಡೆಹ್ರಾಡೂನ್‌ನ ಒಂದು ಕೇಸಿನಲ್ಲಿ ಬ್ಯಾಂಕ್ ಖಾತೆ ಇದೆ, ಆದ್ದರಿಂದ ದೊಡ್ಡವನೇ ಅಂತ ಕೆಳ ಕೋರ್ಟ್ ಮಾತು ಮುಗಿಸಿತ್ತು. ಹುಡುಗನಿಗೆ ಆಗ 14. ಸರಿಯಾದ ವಿಚಾರಣೆಯೇ ಆಗಿಲ್ಲದಿದ್ದರೆ ಹಳೇ ತಿರಸ್ಕಾರ ಅಡ್ಡಿಯಲ್ಲ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಬಿಡುಗಡೆ ಮಾಡಿತು. 25 ವರ್ಷ ಕಳೆದಿತ್ತು.

ವಕೀಲರಿಗೆ ದುಡ್ಡಿಲ್ಲ ಅಂದರೆ ಚಿಂತೆ ಬೇಡ. ಜೈಲಿನಲ್ಲಿ ಇರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿದೆ. ಪ್ರತಿ ಜಿಲ್ಲಾ ಕೋರ್ಟಿನ ಆವರಣದಲ್ಲೂ ಅದರ ಕಚೇರಿ ಇರುತ್ತದೆ. ವಕಾಲತ್ತಿನ ಮೇಲೆ ಹುಡುಗನ ಸಹಿ ಜೈಲಿನೊಳಗೆ, ಜೈಲು ಅಧಿಕಾರಿಯ ಎದುರೇ ಆಗಬೇಕು. ಮುಲಾಖತ್‌ಗೆ ಹೋದಾಗ ಕಿಟಕಿಯಲ್ಲಿ ಕೊಟ್ಟು ಬರುವ ಕಾಗದವಲ್ಲ ಅದು. ನನ್ನ ಹತ್ತಿರ ಬಂದ ಒಂದು ಮನೆಯವರು ಇದು ಗೊತ್ತಿಲ್ಲದೆ ಮೂರು ವಾರ ಅಲೆದರು.

ವಾದ ಒಪ್ಪಿತವಾದರೆ ಶಿಕ್ಷೆಗೆ ಬಲ ಇರುವುದಿಲ್ಲ. ಕೇಸು ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಮಂಡಳಿ ವಿಶೇಷ ಗೃಹದಲ್ಲಿ ಇಡಬಹುದಾದ್ದು ಹೆಚ್ಚೆಂದರೆ 3 ವರ್ಷ. ಅದಕ್ಕಿಂತ ಜಾಸ್ತಿ ಈಗಾಗಲೇ ಒಳಗೆ ಕಳೆದಿದ್ದರೆ ಇನ್ನು ಇಟ್ಟುಕೊಳ್ಳಲು ಏನೂ ಉಳಿಯುವುದಿಲ್ಲ. ತಪ್ಪಿತಸ್ಥ ಅನ್ನುವ ತೀರ್ಪು ಹಾಗೇ ಉಳಿಯಬಹುದು. ಆದರೆ ಬಾಲ ನ್ಯಾಯ ಕಾಯ್ದೆಯ 24ನೇ ಕಲಮಿನ ಪ್ರಕಾರ ಆ ಕಾರಣಕ್ಕೆ ಮುಂದೆ ಕೆಲಸಕ್ಕೆ ಅನರ್ಹ ಅನ್ನುವಂತಿಲ್ಲ.

ದೊಡ್ಡವರಂತೆ ವಿಚಾರಣೆ ಆಗಿದ್ದರೆ

ಇದು ಎರಡನೇ ಗುಂಪು. 2016ರ ಜನವರಿ 15ರಂದು 2015ರ ಬಾಲ ನ್ಯಾಯ ಕಾಯ್ದೆ ಜಾರಿಗೆ ಬಂದ ಮೇಲೆ ನಡೆದ ಅಪರಾಧಗಳಿಗೆ ಮಾತ್ರ ಸಂಬಂಧಿಸಿದ್ದು. 16ರಿಂದ 18ರ ನಡುವಿನವರು, ಕನಿಷ್ಠ 7 ವರ್ಷ ಶಿಕ್ಷೆ ಇರುವ ಘೋರ ಅಪರಾಧ ಇದ್ದರೆ ಮಂಡಳಿ ಹುಡುಗನ ಮನಸ್ಸು, ತಿಳಿವಳಿಕೆ ಪರೀಕ್ಷಿಸಿ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಪುಣೆಯ ಕಲ್ಯಾಣಿನಗರದ 2024ರ ಕಾರು ಅಪಘಾತದಲ್ಲಿ ಟಿವಿಯವರು ತಿಂಗಳುಗಟ್ಟಲೆ ಕೂಗಾಡಿದ್ದು ಇದೇ ಪ್ರಶ್ನೆಯ ಮೇಲೆ.

ಹೀಗೆ ಶಿಕ್ಷೆಯಾದರೂ 21 ವರ್ಷದವರೆಗೆ ಜೈಲಿಗೆ ಕಳಿಸುವಂತಿಲ್ಲ, ಸುರಕ್ಷಿತ ಸ್ಥಳದಲ್ಲಿ ಇಡಬೇಕು. ಗಲ್ಲು ಇಲ್ಲ, ಬಿಡುಗಡೆಯ ಅವಕಾಶವೇ ಇಲ್ಲದ ಜೀವಾವಧಿಯೂ ಇಲ್ಲ. 21 ತುಂಬಿದಾಗ ಶಿಕ್ಷೆ ಬಾಕಿ ಇದ್ದರೆ ಮಕ್ಕಳ ನ್ಯಾಯಾಲಯ ಅವನನ್ನು ಮತ್ತೆ ನೋಡಬೇಕು. ಸುಧಾರಿಸಿದ್ದಾನೆ ಅನ್ನಿಸಿದರೆ ಷರತ್ತಿನ ಮೇಲೆ ಬಿಡಬಹುದು, ಇಲ್ಲದಿದ್ದರೆ ಉಳಿದದ್ದನ್ನು ಜೈಲಿನಲ್ಲಿ ಮುಗಿಸು ಅನ್ನಬಹುದು. ನಿಜ ಹೇಳಬೇಕೆಂದರೆ ಈ ಹುಡುಗರ ಪಾಲಿನ ಪೆರೋಲ್ ಇದೇ. ಮನೆಯವರು 21ರ ಹುಟ್ಟುಹಬ್ಬ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಆರು ತಿಂಗಳ ಮುಂಚೆಯೇ ವಕೀಲರ ಹತ್ತಿರ ಹೋಗಬೇಕು. ಒಳಗೆ ಬರೆದ ಪರೀಕ್ಷೆ, ಕಲಿತ ಕಸುಬು, ಪ್ರೊಬೇಷನ್ ಅಧಿಕಾರಿಯ ವರ್ಷದ ವರದಿಗಳು, ಎಲ್ಲದರ ನಕಲು ಕೂಡಿಡಿ. ಹೊರಗೆ ಬಂದರೆ ಎಲ್ಲಿರುತ್ತಾನೆ, ಏನು ಮಾಡುತ್ತಾನೆ ಅಂತ ಒಂದು ಪುಟ ಬರೆದುಕೊಳ್ಳಿ.

ಅಷ್ಟರವರೆಗೆ ಪೆರೋಲ್

ವಯಸ್ಸಿನ ಅರ್ಜಿಗೆ ತಿಂಗಳು, ಕೆಲವೊಮ್ಮೆ ವರ್ಷ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಪೆರೋಲ್ ಕೇಳಬಾರದು ಅಂತೇನಿಲ್ಲ. ಮಹಾರಾಷ್ಟ್ರದಲ್ಲಿ ಇದಕ್ಕೆ 1959ರ ನಿಯಮಗಳಿವೆ, ಮಧ್ಯೆ ಮಧ್ಯೆ ತಿದ್ದುಪಡಿ ಆಗಿವೆ. ಗೋವಾದ ಜೈಲು ನಿಯಮಗಳು ಬೇರೆ. ಬಾಲ ನ್ಯಾಯ ಕಾಯ್ದೆ ಮಾತ್ರ ಎರಡೂ ಕಡೆ ಒಂದೇ.

ಪೆರೋಲ್, ಫರ್ಲೋ ಎರಡೂ ಶಿಕ್ಷೆಯಾದ ಪಕ್ಕಾ ಕೈದಿಗೆ ಮಾತ್ರ. ಕೇಸು ನಡೆಯುತ್ತಿರುವ ಕಚ್ಚಾ ಕೈದಿಗೆ ಜಾಮೀನೇ ದಾರಿ. ಫರ್ಲೋಗೆ ಕಾರಣ ಕೊಡಬೇಕಾಗಿಲ್ಲ, ಇಷ್ಟು ವರ್ಷ ಒಳಗೆ ಕಳೆದಿರಬೇಕು ಅಷ್ಟೇ. ಪೆರೋಲ್‌ಗೆ ಕಾರಣ ಬೇಕು. ಮನೆಯಲ್ಲಿ ಸಾವು ಅಥವಾ ಮಕ್ಕಳ, ಒಡಹುಟ್ಟಿದವರ ಮದುವೆ ಆದರೆ ತುರ್ತು ಪೆರೋಲ್, ಹತ್ತಿರದವರ ದೊಡ್ಡ ಕಾಯಿಲೆ ಇತ್ಯಾದಿಗೆ ಮಾಮೂಲಿ ಪೆರೋಲ್. ಫರ್ಲೋ ದಿನಗಳು ಶಿಕ್ಷೆಯಲ್ಲೇ ಲೆಕ್ಕ, ಪೆರೋಲ್ ದಿನಗಳು ಹಾಗಲ್ಲ, ಅಷ್ಟು ದಿನ ಆಮೇಲೆ ಕಳೆಯಬೇಕು. ಹಾಗಾಗಿ ಎರಡೂ ಸಿಗುವಂತಿದ್ದರೆ ಮೊದಲು ಫರ್ಲೋ ಕೇಳಿ.

ನಮ್ಮವರ ಅರ್ಜಿ ಸಿಕ್ಕಿಬೀಳುವುದು ಪೊಲೀಸ್ ವರದಿಯಲ್ಲಿ. ಹೊರಗೆ ಬಂದವನು ಇರುವ ಊರಿನ ಠಾಣೆಯಿಂದ ವರದಿ ಬರಬೇಕು. ವಿಜಯಪುರ, ಕಲಬುರಗಿಯ ವಿಳಾಸ ಕೊಟ್ಟರೆ ಕಾಗದ ಇನ್ನೊಂದು ರಾಜ್ಯಕ್ಕೆ ಹೋಗಿ ಬರಬೇಕು, ಅಷ್ಟರಲ್ಲಿ ಮದುವೆ ಮುಗಿದು ತಂಗಿ ಗಂಡನ ಮನೆ ಸೇರಿರುತ್ತಾಳೆ. ಪುಣೆಯಲ್ಲೋ ಮುಂಬೈಯಲ್ಲೋ ಮನೆ ಇರುವ ಮಾವ, ಚಿಕ್ಕಪ್ಪ ಜಾಮೀನುದಾರರಾಗಲು ಒಪ್ಪಿದರೆ ಅವರ ವಿಳಾಸವನ್ನೇ ಕೊಡುವುದು ಜಾಣತನ. ಅವರಿಗೆ ಮೊದಲೇ ಹೇಳಿಡಿ. ಹವಾಲ್ದಾರ ಬಾಗಿಲಿಗೆ ಬಂದಾಗ "ನಮಗೇನೂ ಗೊತ್ತಿಲ್ಲ" ಅಂದರೆ ಅರ್ಜಿ ಅಲ್ಲಿಗೇ ಮುಗಿಯಿತು. ಮದುವೆ ಅಂದರೆ ಲಗ್ನಪತ್ರಿಕೆ ಬೇಕು, ಕನ್ನಡದ್ದಾದರೆ ಮರಾಠಿ ಅನುವಾದ ಜೊತೆಗೆ. ಹೇಳಿದ ದಿನ ವಾಪಸ್ ಹೋಗದಿದ್ದರೆ ಮುಂದಿನ ಎಲ್ಲ ಅರ್ಜಿಗಳಿಗೂ ಅದೇ ಉರುಳು.

ಪೆರೋಲ್ ಅರ್ಜಿಯಲ್ಲಿ ವಯಸ್ಸು ಬರೆಯುವಾಗ ಎಚ್ಚರ ಇರಲಿ. ಎಫ್‌ಐಆರ್ ನೋಡಿ ನಕಲು ಮಾಡಬೇಡಿ. ನಾನು ಎರಡು ಸಲ ಹಾಗೇ ಮಾಡಿದ್ದೆ. ತಾಯಿಯ ಹೆಬ್ಬೆಟ್ಟಿನ ಮೇಲೇ ತಪ್ಪು ವಯಸ್ಸು ಇರುವ ಆ ಎರಡು ಕಾಗದವನ್ನು ಸರ್ಕಾರಿ ವಕೀಲರು ನಾಳೆ ಎತ್ತಿ ತೋರಿಸಬಹುದು. ಅದಕ್ಕೆ ವಿವರಣೆ ಕೊಡಬೇಕಾದವನು ನಾನೇ.

ಉಚಿತ ಕಾನೂನು ನೆರವಿನ ಸಹಾಯವಾಣಿ 15100. ಕರೆ ಮಾಡುವ ಮುಂಚೆ ಹುಡುಗನ ಕೈದಿ ನಂಬರು, ಜೈಲಿನ ಹೆಸರು, ಠಾಣೆ ಮತ್ತು ಕೇಸು ನಂಬರು, ಆ ಎರಡು ತಾರೀಖು ಇರುವ ಹಾಳೆ ಕೈಯಲ್ಲಿರಲಿ. ಕೈದಿ ನಂಬರು ಗೊತ್ತಿಲ್ಲದಿದ್ದರೆ ಮುಲಾಖತ್ ಚೀಟಿಯ ಮೇಲೆ ನೋಡಿ. ನಮ್ಮ ಕಾತ್ರಜ್ ತಾಯಿ ಹಳೇ ಚೀಟಿಗಳನ್ನೆಲ್ಲ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಇಟ್ಟುಕೊಂಡಿದ್ದರು, ಒಂದನ್ನೂ ಎಸೆದಿರಲಿಲ್ಲ. ಅವರ ಮಗನ ಅರ್ಜಿ ಈಗ ಹೈಕೋರ್ಟಿನಲ್ಲಿದೆ. ಮುಖ್ಯ ಗುರುಗಳು ಟ್ರಂಕಿನಿಂದ ಆ ರಿಜಿಸ್ಟರನ್ನು ಹೊರಗೆ ತೆಗೆದು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದಾರೆ.